ಕನ್ವೇಯರ್ ಹಾಕಿದ ಮಾತ್ರಕ್ಕೆ ಫೋರ್ಡ್ ಆಗುತ್ತೇವಾ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಯುನಿಟ್ ಇದೆ. ಮನೆ ಬಳಕೆಯ ಮೊನೊಬ್ಲಾಕ್ ಪಂಪ್ (ಮೋಟರ್, ಪಂಪ್ ಎರಡೂ ಒಂದರಲ್ಲೇ ಇರುವಂಥದ್ದು) ಮಾಡುತ್ತೇವೆ. ಅರ್ಧ, ಒಂದು, ಒಂದೂವರೆ ಎಚ್‌ಪಿ ಹೀಗೆ ಮೂರು ಮಾಡೆಲ್. ಒಟ್ಟು 24 ಜನ ಇದ್ದಾರೆ. ಅಸೆಂಬ್ಲಿಗೆ 6 ಜನ ಫಿಟ್ಟರ್‌ಗಳು. ಒಬ್ಬೊಬ್ಬರು ಒಂದೊಂದು ಬೆಂಚಿನಲ್ಲಿ ಇಡೀ ಪಂಪ್ ಕಟ್ಟುತ್ತಾರೆ. ದಿನಕ್ಕೆ 45 ಪಂಪ್ ಹೊರಬರುತ್ತವೆ. ಮಗ ಎಂಬಿಎ ಮುಗಿಸಿ ಬಂದಿದ್ದಾನೆ. ಅಮೆರಿಕದ ಕಾರು ಕಂಪನಿಯ ಹೆನ್ರಿ ಫೋರ್ಡ್ ಕನ್ವೇಯರ್ (ಮಾಲನ್ನು ತಾನೇ ಮುಂದಕ್ಕೆ ಸಾಗಿಸುವ ಲೈನ್) ಹಾಕಿ 12 ಗಂಟೆಯ ಕೆಲಸವನ್ನು 93 ನಿಮಿಷಕ್ಕೆ ಇಳಿಸಿದ, ನಾವೂ ಹಾಗೇ ಮಾಡೋಣ ಅಂತಾನೆ. 30 ಲಕ್ಷ ಸಾಲ ಬೇಕಾಗುತ್ತದೆ. ಸಂಬಳ ಎರಡು ಪಟ್ಟು ಮಾಡಬೇಕು, ಒಂದೇ ಮಾಡೆಲ್ ಇಡಬೇಕು, ಒಂದೇ ಬಣ್ಣ ಹೊಡೆಯಬೇಕು ಅನ್ನುವುದೂ ಅವನ ವಾದ. ಸುದ್ದಿ ಕೇಳಿ ಇಬ್ಬರು ಹಳೆಯ ಫಿಟ್ಟರ್‌ಗಳು ಬೇರೆ ಕಡೆ ಕೆಲಸ ಹುಡುಕುತ್ತಿದ್ದಾರೆ. ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ನೀವು ಕೇಳಿದ್ದು ಕನ್ವೇಯರ್ ಬಗ್ಗೆ. ಆದರೆ ಪತ್ರ ಓದಿದಾಗ ನಿಮ್ಮ ಚಿಂತೆ ಬೇರೆಯೇ ಇದೆ ಅನ್ನಿಸಿತು. ಸಾಲ ಮಾಡಿ ಲೈನ್ ಹಾಕಿದ ಮೇಲೆ ಅತ್ತ ಕೈ ಪಳಗಿದ ಫಿಟ್ಟರ್‌ಗಳೂ ಹೋಗಿ, ಇತ್ತ ಪಂಪ್‌ಗಳ ಸಂಖ್ಯೆಯೂ ಏರದೆ ಕೂತರೆ ಏನು ಗತಿ ಅನ್ನುವ ಭಯ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಸಣ್ಣ ಯುನಿಟ್‌ಗಳಲ್ಲಿ ದುಬಾರಿ ಕನ್ವೇಯರ್ ಮೇಲೆ ಡಬ್ಬ ಪೇರಿಸಿಟ್ಟು, ಪಕ್ಕದ ಬೆಂಚಿನಲ್ಲಿ ಅಸೆಂಬ್ಲಿ ನಡೆಸುವುದನ್ನು ನಾನು ನೋಡಿದ್ದೇನೆ.

ನಿಮ್ಮ ಮಗ ಹೇಳಿದ ಅಂಕಿಗಳು ನಿಜ. ಆದರೆ ಆ ಕತೆಯ ಕೊನೆಯ ಪುಟವನ್ನಷ್ಟೇ ಅವರು ಓದಿದ ಹಾಗಿದೆ. ಹಿಂದಿನ ಪುಟಗಳನ್ನು ನೋಡೋಣ. ನಿಮ್ಮ ತೀರ್ಮಾನಕ್ಕೆ ಬೇಕಾದದ್ದು ಅಲ್ಲೇ ಇದೆ.

ಮೊದಲು ಒಂದೆರಡು ತಪ್ಪು ತಿಳಿವಳಿಕೆ ಬದಿಗಿಡೋಣ. ಕಾರನ್ನು ಕಂಡುಹಿಡಿದದ್ದು ಫೋರ್ಡ್ ಅಲ್ಲ. ಜರ್ಮನಿಯ ಮ್ಯಾನ್‌ಹೈಮ್‌ನ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಆ ಗಾಡಿ ದೂರದ ದಾರಿಗೂ ಬಾಳುತ್ತದೆ ಅಂತ ಜನರಿಗೆ ತೋರಿಸಿದ್ದು ಆತನ ಹೆಂಡತಿ ಬರ್ಥಾ. 1888ರ ಆಗಸ್ಟ್‌ನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರ್‌ಗೂ ಜಾಸ್ತಿ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನ ಕೊಂಡದ್ದು ಒಂದು ಔಷಧಿ ಅಂಗಡಿಯಲ್ಲಿ. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು. ಅದೇ ಕಾಲಕ್ಕೆ ಕಾನ್‌ಸ್ಟಾಟ್‌ನಲ್ಲಿ ಡೈಮ್ಲರ್ ಮತ್ತು ಮೇಬಾಕ್ ತಮ್ಮದೇ ಎಂಜಿನ್ ಗಾಡಿ ಮಾಡುತ್ತಿದ್ದರು.

ಹೆಚ್ಚು ಸಂಖ್ಯೆಯಲ್ಲಿ ಕಾರು ಮಾಡಿದವರಲ್ಲೂ ಫೋರ್ಡ್ ಮೊದಲಿಗ ಅಲ್ಲ. ಅಮೆರಿಕದಲ್ಲಿ ರ‍್ಯಾನ್ಸಮ್ ಓಲ್ಡ್ಸ್ ಎಂಬಾತ 1901ರಲ್ಲಿ 650 ಡಾಲರ್‌ನ ಪುಟ್ಟ ಕಾರು ಮಾರಲು ಶುರು ಮಾಡಿದ. ಅದೇ ವರ್ಷ ಮಾರ್ಚ್‌ನಲ್ಲಿ ಆತನ ಡೆಟ್ರಾಯಿಟ್ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಗಿನ ವೆಂಡರ್‌ಗಳ ಮೇಲೆ ಆತ ಜಾಸ್ತಿ ನಿಂತುಕೊಂಡಿದ್ದ. ಗೇರ್‌ಬಾಕ್ಸ್ ಡಾಡ್ಜ್ ಸಹೋದರರಿಂದ ಬಂತು, ಎಂಜಿನ್ ಹೆನ್ರಿ ಲೆಲ್ಯಾಂಡ್‌ನ ವರ್ಕ್‌ಶಾಪಿನಿಂದ ಬಂತು. ಕೆಲವೇ ವರ್ಷಗಳಲ್ಲಿ ಉತ್ಪಾದನೆ ವರ್ಷಕ್ಕೆ ಸಾವಿರಗಳ ಲೆಕ್ಕಕ್ಕೆ ಏರಿತು.

ಈ ಲೆಲ್ಯಾಂಡ್ ಮೇಲೆ ಸ್ವಲ್ಪ ಗಮನ ಕೊಡಿ. ನಿಮ್ಮ ಯುನಿಟ್‌ಗೆ ಫೋರ್ಡ್‌ಗಿಂತ ಈತನಿಂದ ಕಲಿಯುವುದು ಜಾಸ್ತಿ ಇದೆ ಅಂತ ನನ್ನ ಅಭಿಪ್ರಾಯ.

ಲೆಲ್ಯಾಂಡ್ ಚಿಕ್ಕ ವಯಸ್ಸಿನಲ್ಲಿ ಬಂದೂಕು ಕಾರ್ಖಾನೆಯಲ್ಲಿ ದುಡಿದವನು. ಆಮೇಲೆ ಬ್ರೌನ್ ಆ್ಯಂಡ್ ಶಾರ್ಪ್ ಎಂಬ, ಅಳತೆ ಉಪಕರಣ ಮತ್ತು ಯಂತ್ರ ಮಾಡುವ ಕಂಪನಿಯಲ್ಲಿ ಪಳಗಿದ. ಬಂದೂಕಿನವರಿಗೆ ಒಂದು ಹಠ ಇತ್ತು. ಯುದ್ಧಭೂಮಿಯಲ್ಲಿ ಒಂದು ಬಂದೂಕಿನ ಭಾಗ ಮುರಿದರೆ ಇನ್ನೊಂದರ ಭಾಗ ತೆಗೆದು ಹಾಕುವಂತಿರಬೇಕು. ಅಲ್ಲಿ ಅರ ಹಿಡಿದು ಉಜ್ಜುತ್ತ ಕೂರಲು ಯಾರಿಗೂ ಪುರಸೊತ್ತಿಲ್ಲ. ಆ ಹಠವನ್ನು ಲೆಲ್ಯಾಂಡ್ ಕಾರಿಗೆ ತಂದ. 1908ರಲ್ಲಿ ಆತನ ಕ್ಯಾಡಿಲಾಕ್ ಕಂಪನಿಯ ಮೂರು ಕಾರುಗಳನ್ನು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್‌ನಲ್ಲಿ ಪೂರ್ತಿ ಬಿಚ್ಚಿ ಹಾಕಿದರು. ಭಾಗಗಳನ್ನೆಲ್ಲ ಕಲಸಿಬಿಟ್ಟರು. ಕೆಲವನ್ನು ತೆಗೆದಿಟ್ಟು, ಬದಲಿಗೆ ಡೀಲರ್ ಹತ್ತಿರ ಇದ್ದ ಬಿಡಿಭಾಗ ಸೇರಿಸಿದರು. ಮೆಕ್ಯಾನಿಕ್‌ಗಳು ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಮತ್ತೆ ಮೂರು ಕಾರು ಕಟ್ಟಿದರು. ಮೂರೂ 500 ಮೈಲಿ ಓಡಿದವು. ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ ಇದಕ್ಕೆ ಡ್ಯೂವರ್ ಟ್ರೋಫಿ ಕೊಟ್ಟಿತು. ಆ ಕಾಲದ ಕಾರುಗಳಲ್ಲಿ ಬಹುಪಾಲು ಕೈಯಲ್ಲಿ ಉಜ್ಜಿ ಕೂರಿಸಿದಂಥವು. ಒಂದರ ಪಿಸ್ಟನ್ ಇನ್ನೊಂದಕ್ಕೆ ಕೂರುವ ಖಾತ್ರಿ ಇರಲಿಲ್ಲ.

ಲೆಲ್ಯಾಂಡ್ ಹತ್ತಿರ ಚಲಿಸುವ ಲೈನ್ ಇರಲಿಲ್ಲ ಎಂಬುದನ್ನು ಗಮನಿಸಿ. ಭಾಗ ಸರಿ ಇತ್ತು, ಅಷ್ಟೇ.

ಈಗ ಫೋರ್ಡ್ ಕಡೆ ಬರೋಣ. ಆತನ ಮಾಡೆಲ್ ಟಿ ಕಾರು ಬಂದದ್ದು 1908ರ ಅಕ್ಟೋಬರ್‌ನಲ್ಲಿ, ಬೆಲೆ 850 ಡಾಲರ್. ಚಲಿಸುವ ಲೈನ್ ಶುರುವಾದದ್ದು 1913ರಲ್ಲಿ. ನಡುವೆ ಸುಮಾರು ಐದು ವರ್ಷ ಇದೆ. ಆ ಐದು ವರ್ಷ ಅವರು ಏನು ಮಾಡಿದರು ಅನ್ನುವುದೇ ನಿಮಗೆ ಬೇಕಾದ ಪಾಠ.

1910ರ ಆರಂಭದಲ್ಲಿ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಹೊಸ ಕಾರ್ಖಾನೆ ತೆರೆಯಿತು. ಆಲ್ಬರ್ಟ್ ಕಾನ್ ಅದರ ವಾಸ್ತುಶಿಲ್ಪಿ. ದೊಡ್ಡ ಕಿಟಕಿ, ಜಾಸ್ತಿ ಬೆಳಕು, ಕಡಿಮೆ ಕಂಬ. ಅಲ್ಲಿ ಯಂತ್ರಗಳನ್ನು ಲೇತ್ ಒಂದು ಕಡೆ, ಡ್ರಿಲ್ ಒಂದು ಕಡೆ ಅಂತ ಗುಂಪು ಮಾಡುವುದನ್ನು ಬಿಟ್ಟರು. ಭಾಗಕ್ಕೆ ಮೊದಲು ಯಾವ ಕೆಲಸ, ಆಮೇಲೆ ಯಾವ ಕೆಲಸ ಎಂಬ ಕ್ರಮದಲ್ಲಿ ಸಾಲಾಗಿ ಜೋಡಿಸಿದರು. ಒಂದೇ ಕೆಲಸಕ್ಕೆಂದೇ ಯಂತ್ರ ಮಾಡಿಸಿದರು. ಎಂಜಿನ್ ಬ್ಲಾಕಿಗೆ ನಾಲ್ಕು ದಿಕ್ಕಿನಿಂದ ಒಂದೇ ಸಲಕ್ಕೆ 45 ತೂತು ಕೊರೆಯುವ ಡ್ರಿಲ್ ಇತ್ತು. ಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್, ಫಿಕ್ಸ್‌ಚರ್, ಅಳತೆ ನೋಡುವ ಗೇಜ್ ಇಲ್ಲದೆ ಒಂದು ಕೆಲಸವೂ ನಡೆಯುತ್ತಿರಲಿಲ್ಲ. ವಾಲ್ಟರ್ ಫ್ಲಾಂಡರ್ಸ್, ಚಾರ್ಲ್ಸ್ ಸೊರೆನ್ಸೆನ್, ಪೀಟರ್ ಮಾರ್ಟಿನ್, ಕ್ಲಾರೆನ್ಸ್ ಏವರಿ, ವಿಲಿಯಂ ಕ್ಲಾನ್ ಹೀಗೆ ಎಷ್ಟೋ ಜನ ಬೇರೆ ಬೇರೆ ಹೊತ್ತಿನಲ್ಲಿ ಸೇರಿ ಮಾಡಿದ ಕೆಲಸ ಇದು. ಕ್ಲಾನ್ ಶಿಕಾಗೋದ ಕಸಾಯಿಖಾನೆಗೆ ಹೋಗಿ, ಕೊಕ್ಕೆಗೆ ನೇತುಹಾಕಿದ ಪ್ರಾಣಿ ಒಬ್ಬೊಬ್ಬರ ಮುಂದೆ ಸಾಗುತ್ತ ಬಿಡಿಬಿಡಿಯಾಗುವುದನ್ನು ನೋಡಿ ಬಂದಿದ್ದ. ಅದನ್ನೇ ತಿರುಗಿಸಿ ಕಟ್ಟಲು ಯಾಕೆ ಬಳಸಬಾರದು ಅನ್ನುವ ಯೋಚನೆ ಆತನದು. ಇಷ್ಟೆಲ್ಲ ಆದರೂ ನಮ್ಮ ನೆನಪಿನಲ್ಲಿ ಉಳಿದದ್ದು ಮಾಲೀಕನ ಹೆಸರು ಮಾತ್ರ. ಇರಲಿ.

1913ರ ಏಪ್ರಿಲ್‌ನಲ್ಲಿ ಮೊದಲ ಪ್ರಯೋಗ ಆಯಿತು. ಇಡೀ ಕಾರಿಗೆ ಅವರು ಕೈ ಹಾಕಲಿಲ್ಲ. ಒಂದು ಸಣ್ಣ ಅಸೆಂಬ್ಲಿ ಆರಿಸಿಕೊಂಡರು. ಎಂಜಿನ್ನಿಗೆ ಕಿಡಿ ಕೊಡುವ, ಫ್ಲೈವೀಲ್‌ಗೆ ಕೂರಿಸುವ ಮ್ಯಾಗ್ನೆಟೊ. ಅದುವರೆಗೆ ಒಬ್ಬನೇ ಬೆಂಚಿನಲ್ಲಿ ಕೂತು, ನಿಮ್ಮ ಫಿಟ್ಟರ್‌ಗಳ ಹಾಗೆಯೇ, ಪೂರ್ತಿ ಕಟ್ಟುತ್ತಿದ್ದ. ಒಂದಕ್ಕೆ ಸುಮಾರು 20 ನಿಮಿಷ ಬೇಕಿತ್ತು. ಹೊಸ ಪದ್ಧತಿಯಲ್ಲಿ 29 ಜನ ಸಾಲಾಗಿ ನಿಂತರು. ಒಬ್ಬ ಒಂದೆರಡು ಬೋಲ್ಟ್ ಹಾಕಿ ಪಕ್ಕಕ್ಕೆ ತಳ್ಳಿದ. ಕೈಯಲ್ಲೇ ತಳ್ಳಿದ, ಯಂತ್ರದ ಚೈನ್ ಆಗ ಇರಲಿಲ್ಲ. ಒಂದಕ್ಕೆ ತಗಲುವ ದುಡಿಮೆಯ ಸಮಯ 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಬಗ್ಗಿ ಬಗ್ಗಿ ಬೆನ್ನು ನೋಯುತ್ತಿತ್ತು, ಹಾಗಾಗಿ ಲೈನನ್ನು ಕೆಲವು ಇಂಚು ಎತ್ತರಿಸಿದರು. ಸಮಯ 7 ನಿಮಿಷಕ್ಕೆ ಇಳಿಯಿತು. ಆತುರದವನು ಗುಡ್ಡೆ ಹಾಕುವುದು, ನಿಧಾನದವನು ಹಿಂದೆ ಬೀಳುವುದು ಕಂಡ ಮೇಲೆ ಚೈನ್ ಬಂತು. ಕೊನೆಗೆ ಸುಮಾರು 5 ನಿಮಿಷಕ್ಕೆ ಬಂದು ನಿಂತಿತು.

ಅದೇ ವರ್ಷ ಚಾಸಿಗೆ, ಅಂದರೆ ಕಾರಿನ ಅಡಿಯ ಚೌಕಟ್ಟಿಗೆ, ಕೈ ಹಾಕಿದರು. ಒಂದೇ ಕಡೆ ನಿಲ್ಲಿಸಿ ಕಟ್ಟುವಾಗ ಒಂದು ಚಾಸಿಗೆ 12 ಗಂಟೆ 28 ನಿಮಿಷದ ದುಡಿಮೆ ಬೇಕಿತ್ತು. ಮೊದಲ ಪ್ರಯೋಗದಲ್ಲಿ ಹಗ್ಗ ಕಟ್ಟಿ, ರಾಟೆಯಿಂದ ಎಳೆದರು. ಆರು ಜನ ಅದರ ಜೊತೆ ನಡೆಯುತ್ತ, ದಾರಿಯುದ್ದಕ್ಕೂ ಇಟ್ಟಿದ್ದ ಭಾಗ ಎತ್ತಿಕೊಂಡು ಜೋಡಿಸಿದರು. 5 ಗಂಟೆ 50 ನಿಮಿಷಕ್ಕೆ ಇಳಿಯಿತು. ಮತ್ತೆ ಕೆಲಸ ಹಂಚಿ, ಎತ್ತರ ಸರಿಮಾಡಿ, ಚೈನ್ ಹಾಕಿ, 1914ರಲ್ಲಿ 93 ನಿಮಿಷಕ್ಕೆ ತಂದರು.

ಈ 93 ನಿಮಿಷದ ಬಗ್ಗೆ ಎರಡು ಮಾತು. ಇದು ಒಂದು ಇಡೀ ಕಾರು ಹುಟ್ಟುವ ಸಮಯ ಅಂತ ಎಲ್ಲ ಕಡೆ ಬರೆಯುತ್ತಾರೆ. ನಿಜದಲ್ಲಿ ಇದು ಕೊನೆಯ ಚಾಸಿ ಜೋಡಣೆಯ ದುಡಿಮೆ ಮಾತ್ರ. ಎಂಜಿನ್ ಎರಕ ಹೊಯ್ದು, ಕೊರೆದು, ಕಟ್ಟಿದ ಸಮಯ ಇದರಲ್ಲಿ ಸೇರಿಲ್ಲ. ಎರಡನೆಯದಾಗಿ, ಇಳಿಕೆಯ ದೊಡ್ಡ ಪಾಲು ಯಾವಾಗ ಆಯಿತು ನೋಡಿ. ಹಗ್ಗ ಎಳೆದ ದಿನವೇ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಚೈನ್ ಇನ್ನೂ ಬಂದಿರಲಿಲ್ಲ. ಜನ ಭಾಗ ಹುಡುಕಿಕೊಂಡು ಓಡಾಡುವುದು ನಿಂತಿತ್ತು, ಅದೇ ಲಾಭ.

ಹಾಗಿದ್ದರೆ ಈ ಐದು ವರ್ಷದ ತಯಾರಿ ಯಾಕೆ ಬೇಕಾಯಿತು? ಭಾಗ ಒಂದೇ ಸಲಕ್ಕೆ ಕೂರದಿದ್ದರೆ ಲೈನ್ ನಡೆಯುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಅನ್ನ ಬಡಿಸುವವನು ಅರ್ಧ ದಾರಿಯಲ್ಲಿ ನಿಂತರೆ ಹಿಂದೆ ಸಾರು, ಪಲ್ಯ, ಹಪ್ಪಳ ಹಿಡಿದವರೆಲ್ಲ ನಿಲ್ಲಬೇಕಲ್ವಾ? ಹಾಗೇ ಒಬ್ಬ ಶಾಫ್ಟಿಗೆ ಎಮರಿ ಪೇಪರ್ ಹಿಡಿದು ಉಜ್ಜುತ್ತ ನಿಂತರೆ ಇಡೀ ಸಾಲು ಕೈಕಟ್ಟಿ ನಿಲ್ಲುತ್ತದೆ. ಬೆಂಚಿನಲ್ಲಾದರೆ ಆ ತೊಂದರೆ ಅವನೊಬ್ಬನದು. ಫೋರ್ಡ್ ಹೆಸರಿನಲ್ಲಿ 1926ರಲ್ಲಿ ಬಂದ ಒಂದು ಬರಹದಲ್ಲಿ, ಈ ಬಗೆಯ ಉತ್ಪಾದನೆಯಲ್ಲಿ ಫಿಟ್ಟರ್‌ಗಳೇ ಇರುವುದಿಲ್ಲ ಎಂದು ಹೇಳಿದೆ. ನಿಮ್ಮ ಹಳೆಯ ಇಬ್ಬರಿಗೆ ಇದು ಗೊತ್ತಿಲ್ಲದಿರಬಹುದು, ಆದರೆ ವಾಸನೆ ಹೊಡೆದಿದೆ.

ಆದ್ದರಿಂದ ನಿಮಗೆ ನನ್ನ ಮೊದಲ ಪ್ರಶ್ನೆ ಇದು. ನಿಮ್ಮ ಬೆಂಚುಗಳ ಮೇಲೆ ಅರ, ಎಮರಿ ಪೇಪರ್, ಸುತ್ತಿಗೆ ಇವೆಯಾ? ಇದ್ದರೆ ದಿನಕ್ಕೆ ಎಷ್ಟು ಸಲ ಕೈಗೆ ಬರುತ್ತವೆ? ಮೊನೊಬ್ಲಾಕ್ ಪಂಪ್‌ಗಳಲ್ಲಿ ನಾನು ಸಾಮಾನ್ಯವಾಗಿ ನೋಡುವ ತೊಂದರೆಗಳು ಇವು. ನೀರು ತಳ್ಳುವ ಚಕ್ರವಾದ ಇಂಪೆಲ್ಲರ್‌ನ ನಡುವಿನ ತೂತು (ಬೋರ್) ಬಿಗಿ, ಅದಕ್ಕೆ ಶಾಫ್ಟ್ ಉಜ್ಜುವುದು. ಎಂಡ್ ಕವರ್ ಮೋಟರ್ ಬಾಡಿಗೆ ಓರೆಯಾಗಿ ಕೂತು ಒಳಗೆ ತಿರುಗುವ ರೋಟರ್ ತಾಗುವುದು, ಆಮೇಲೆ ಸುತ್ತಿಗೆಯಿಂದ ತಟ್ಟಿ ಸರಿಮಾಡುವುದು. ಬೇರಿಂಗ್ ಕೂರುವ ಜಾಗ ಒಮ್ಮೆ ಸಡಿಲ, ಒಮ್ಮೆ ಬಿಗಿ. ನಿಮ್ಮ ಫಿಟ್ಟರ್‌ಗಳು ಇದನ್ನೆಲ್ಲ ಯಾರಿಗೂ ಹೇಳದೆ ಸರಿಮಾಡುತ್ತ ಬಂದಿದ್ದಾರೆ. ಎರಕದವನ ತಪ್ಪು, ಟರ್ನಿಂಗ್ ಜಾಬ್ ವರ್ಕ್‌ನವನ ತಪ್ಪು ಎಲ್ಲ ಅವರ ಬೆರಳ ತುದಿಯಲ್ಲಿ ಮುಚ್ಚಿಹೋಗುತ್ತಿದೆ. 45 ಪಂಪನ್ನು 6 ಜನರಿಗೆ ಹಂಚಿದರೆ ಒಂದಕ್ಕೆ ಗಂಟೆಗೂ ಸ್ವಲ್ಪ ಜಾಸ್ತಿ ಆಯಿತು. ಆ ಗಂಟೆಯಲ್ಲಿ ಎಷ್ಟು ನಿಮಿಷ ನಿಜವಾಗಿ ಜೋಡಣೆ, ಎಷ್ಟು ನಿಮಿಷ ರಿಪೇರಿ? ಒಂದು ವಾರ ಬರೆದಿಡಿ. ಮಗನ ಕೈಯಲ್ಲಿ ಗಡಿಯಾರ ಕೊಟ್ಟು ಕೂರಿಸಬೇಡಿ, ಫಿಟ್ಟರ್‌ಗಳು ಮುನಿಯುತ್ತಾರೆ. ಅವರ ಹತ್ತಿರವೇ ಒಂದು ಚೀಟಿ ಇಟ್ಟು, ಅರ ಹಿಡಿದಾಗಲೆಲ್ಲ ಯಾವ ಭಾಗಕ್ಕೆ ಅಂತ ಗೀಟು ಹಾಕಲು ಹೇಳಿ.

ಆಮೇಲೆ ಲೆಲ್ಯಾಂಡ್ ಪರೀಕ್ಷೆ ಮಾಡಿ. ಕಟ್ಟಿದ ಪಂಪ್ ಬಿಚ್ಚಿದರೆ ಬೇರಿಂಗ್ ಹಾಳಾಗುತ್ತದೆ, ಅದು ಬೇಡ. ಒಂದೇ ಮಾಡೆಲ್‌ನ ಹತ್ತು ಸೆಟ್ ಹೊಸ ಭಾಗಗಳನ್ನು ಸ್ಟೋರಿನಿಂದ ತೆಗೆದು, ಕಲಸಿ, ಫಿಟ್ಟರ್ ಅಲ್ಲದ ಒಬ್ಬ ಹೆಲ್ಪರ್ ಕೈಗೆ ಕೊಡಿ. ಬೇರಿಂಗ್ ಕೂರಿಸಲು ಪ್ರೆಸ್ ಕೊಡಿ, ಸ್ಪ್ಯಾನರ್ ಕೊಡಿ. ಅರ, ಎಮರಿ, ಸುತ್ತಿಗೆ ಕೊಡಬೇಡಿ. ಹತ್ತರಲ್ಲಿ ಎಷ್ಟು ಕೂರುತ್ತವೆ ಎಂಬುದು ನಿಮಗೆ ಲೈನ್ ಬೇಕಾ ಬೇಡವಾ ಅನ್ನುವುದನ್ನು ಹೇಳಿಬಿಡುತ್ತದೆ. ಒಂಬತ್ತೋ ಹತ್ತೋ ಆದರೆ ಮಗನ ಜೊತೆ ಮಾತಾಡಬಹುದು. ಐದು ಆದರೆ 30 ಲಕ್ಷದ ಮಾತು ಎತ್ತಲೇಬೇಡಿ.

ಇನ್ನು ಸಂಬಳದ ಕತೆ. ಇದರಲ್ಲಿ ದಂತಕತೆ ಎಲ್ಲಕ್ಕಿಂತ ಜಾಸ್ತಿ. 1914ರ ಜನವರಿ 5ರಂದು ಫೋರ್ಡ್ ಕಂಪನಿ ದಿನಕ್ಕೆ 5 ಡಾಲರ್ ಕೊಡುವುದಾಗಿ ಘೋಷಿಸಿತು. ಅದುವರೆಗೆ ಕನಿಷ್ಠ ಕೂಲಿ 2 ಡಾಲರ್ 34 ಸೆಂಟ್ ಇತ್ತು. ಕೆಲಸದ ಹೊತ್ತು 9 ಗಂಟೆಯಿಂದ 8ಕ್ಕೆ ಇಳಿಯಿತು. ತನ್ನ ಕೆಲಸಗಾರರೇ ತನ್ನ ಕಾರು ಕೊಳ್ಳಲಿ ಅಂತ ಫೋರ್ಡ್ ಹೀಗೆ ಮಾಡಿದ ಎಂಬ ಮಾತು ಪ್ರಚಾರದಲ್ಲಿದೆ. ಲೆಕ್ಕ ಹಾಕಿ ನೋಡಿ. ಆಗ ಅಲ್ಲಿ ಇದ್ದದ್ದು ಸುಮಾರು 14 ಸಾವಿರ ಜನ. ವರ್ಷಕ್ಕೆ ಎರಡೂವರೆ ಲಕ್ಷದ ಆಸುಪಾಸು ಕಾರು ತಯಾರಾಗುತ್ತಿದ್ದವು. ಎಲ್ಲರೂ ಒಂದೊಂದು ಕೊಂಡರೂ ಅದು ಮಾರಾಟದ ಒಂದು ಸಣ್ಣ ಮೂಲೆ.

ನಿಜವಾದ ಕಾರಣ ಕೆಲಸಗಾರರು ನಿಲ್ಲದಿದ್ದದ್ದು. 1913ರಲ್ಲಿ ಆ 14 ಸಾವಿರ ಜಾಗ ತುಂಬಿಸಿಡಲು ಕಂಪನಿ ವರ್ಷವಿಡೀ 52 ಸಾವಿರಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಶೇಕಡಾ 370ರಷ್ಟು ಜನ ಬಿಟ್ಟುಹೋಗುತ್ತಿದ್ದರು, ಅಂದರೆ ಒಂದೊಂದು ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಜನ ಬದಲಾಗುತ್ತಿದ್ದರು. ದಿನವೂ ಹತ್ತರಲ್ಲಿ ಒಬ್ಬ ಗೈರು. ಡೆಟ್ರಾಯಿಟ್‌ನಲ್ಲಿ ಬೇರೆ ಕಾರ್ಖಾನೆಗಳಲ್ಲೂ ಜನ ನಿಲ್ಲುವುದು ಕಷ್ಟವೇ ಇತ್ತು, ಇದೊಂದೇ ಕಾರ್ಖಾನೆಯ ರೋಗ ಅಲ್ಲ. ಆದರೆ ಕೈಚಳಕ ಇದ್ದವನನ್ನು ದಿನವಿಡೀ ಒಂದೇ ನಟ್ ತಿರುಗಿಸಲು ನಿಲ್ಲಿಸಿದರೆ ಅವನು ಬೇಸತ್ತು ಬೇರೆ ಕಡೆ ಹೋಗುತ್ತಾನೆ. ಲೈನಿನಲ್ಲಿ ಒಬ್ಬ ಬರದಿದ್ದರೂ ಎಲ್ಲರೂ ನಿಲ್ಲಬೇಕು. ಆ 5 ಡಾಲರ್ ಲೈನಿನ ಬೆಲೆ. ಅದು ಫಲ ಕೊಟ್ಟದ್ದೂ ನಿಜ. 1914ರಲ್ಲಿ ಬಿಟ್ಟುಹೋಗುವವರ ಪ್ರಮಾಣ ಶೇಕಡಾ 54ಕ್ಕೆ ಇಳಿಯಿತು.

ಮಗ ಹೇಳದೆ ಬಿಟ್ಟ ಇನ್ನೊಂದು ಭಾಗ ಇದೆ. ಆ 5 ಡಾಲರ್‌ನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಲಾಭದ ಪಾಲು ಎಂಬ ಹೆಸರಿನಲ್ಲಿ ಬರುತ್ತಿತ್ತು. ಅದು ಸಿಗಬೇಕಾದರೆ ಆರು ತಿಂಗಳು ಕೆಲಸ ಮಾಡಿರಬೇಕು. ಮನೆ ಚೊಕ್ಕಟವಾಗಿರಬೇಕು, ಕುಡಿತ ಇರಬಾರದು, ಉಳಿತಾಯ ಮಾಡಬೇಕು. ಇದನ್ನು ನೋಡಲು ಕಂಪನಿಯ ಜನ ಮನೆಮನೆಗೆ ಬರುತ್ತಿದ್ದರು. ಹೆಂಗಸರನ್ನು ಮೊದಲಿಗೆ ಈ ಯೋಜನೆಯಿಂದ ಹೊರಗೇ ಇಟ್ಟಿದ್ದರು. ಘೋಷಣೆಯ ಮರುವಾರ ಕೆಲಸ ಕೇಳಿಕೊಂಡು ಬಂದ ಸಾವಿರಾರು ಜನರ ಮೇಲೆ, ಡೆಟ್ರಾಯಿಟ್‌ನ ಕೊರೆಯುವ ಚಳಿಯಲ್ಲಿ, ಬೆಂಕಿ ಆರಿಸುವ ಪೈಪಿನಿಂದ ನೀರು ಹಾರಿಸಿದರು.

ನಿಮ್ಮ ವಿಚಾರಕ್ಕೆ ಬಂದರೆ, ಎರಡು ಪಟ್ಟು ಸಂಬಳ ಕೊಡುವ ಲಾಭ ಫೋರ್ಡ್ ಹತ್ತಿರ ಆಗಲೇ ಇತ್ತು. ನಿಮ್ಮ ಹತ್ತಿರ ಇಲ್ಲ. ಇದ್ದಿದ್ದರೆ ಸಾಲದ ಮಾತೇ ಬರುತ್ತಿರಲಿಲ್ಲ. ಆದರೆ ಈಗಿನ ಸಂಬಳದಲ್ಲೇ, ಬೇಸರದ ಕೆಲಸಕ್ಕೆ ಅದೇ ಜನ ನಿಲ್ಲುತ್ತಾರೆ ಅಂತಲೂ ನಂಬಬೇಡಿ. ಜಾಸ್ತಿ ಪಂಪ್ ಹೊರಬಂದರೆ ತಂಡಕ್ಕೆಲ್ಲ ಪಾಲು ಕೊಡುವ ವ್ಯವಸ್ಥೆ ಮಾಡಬಹುದು. ಅದನ್ನು ಬರೀ ಸಂಖ್ಯೆಗೆ ಕಟ್ಟಿದರೆ ಸೋರುವ ಸೀಲ್ ಇರುವ ಪಂಪೂ ಡಬ್ಬಕ್ಕೆ ಹೋಗುತ್ತದೆ. ಟೆಸ್ಟಿಂಗ್ ಪಾಸಾದ, ಗ್ಯಾರಂಟಿಗೆ ವಾಪಸ್ ಬಾರದ ಪಂಪ್‌ಗೆ ಕಟ್ಟಿ.

ನಿಮ್ಮ ಮುಂದಿರುವ ದಾರಿಗಳ ಪೈಕಿ ಮಗನ ದಾರಿ ಒಂದು. ಸಾಲ ಮಾಡಿ ಮೋಟರ್ ಕನ್ವೇಯರ್ ಹಾಕುವುದು. ದಿನಕ್ಕೆ 45 ಪಂಪ್ ಅಂದರೆ 8 ಗಂಟೆಯಲ್ಲಿ ಹತ್ತು ನಿಮಿಷಕ್ಕೂ ಮೇಲೆ ಒಂದು. ಅವರ ಆಸೆಯಂತೆ ದುಪ್ಪಟ್ಟಾಗಿ 90 ಆದರೂ ಐದು ನಿಮಿಷಕ್ಕೊಂದು. ಐದು ನಿಮಿಷಕ್ಕೊಮ್ಮೆ ಒಂದು ಪಂಪನ್ನು ನಾಲ್ಕು ಅಡಿ ಸರಿಸಲು ಮೋಟರ್ ಯಾಕೆ ಬೇಕು? ಹೈಲ್ಯಾಂಡ್ ಪಾರ್ಕ್‌ನಲ್ಲಿ ದಿನಕ್ಕೆ ಹತ್ತಿರ ಹತ್ತಿರ ಎಂಟುನೂರು ಕಾರು ಹೊರಬರುತ್ತಿದ್ದವು. ಅಲ್ಲಿ ಚೈನ್‌ಗೆ ಕೆಲಸ ಇತ್ತು. ಸಾಲದ ಕಂತು ಮಾತ್ರ ಪಂಪ್ ಮಾರಲಿ ಬಿಡಲಿ ಬರುತ್ತದೆ. ಮಳೆಗಾಲದಲ್ಲಿ ನಿಮ್ಮ ಮಾರಾಟ ಇಳಿಯುತ್ತದೆ ಅಂದುಕೊಳ್ಳುತ್ತೇನೆ. ಆ ತಿಂಗಳುಗಳ ಲೆಕ್ಕ ಮೊದಲು ಹಾಕಿ.

ಇನ್ನೊಂದು, ಎತ್ತರ ಸರಿಯಾಗಿರುವ ರೋಲರ್ ಮೇಜು. ಸೊಂಟದ ಮಟ್ಟಕ್ಕೆ ಇಟ್ಟು ಕೈಯಲ್ಲಿ ತಳ್ಳುವುದು. ಭಾಗಗಳ ಟ್ರೇ ಕೈಗೆಟಕುವಲ್ಲಿ. ಫೋರ್ಡ್ ಜನ ಶುರು ಮಾಡಿದ್ದೂ ಹೀಗೇ ಅಲ್ವಾ. ನಿಮ್ಮ ಊರಿನ ಫ್ಯಾಬ್ರಿಕೇಶನ್‌ನವರೇ ಮಾಡಿಕೊಡುತ್ತಾರೆ, ಖರ್ಚು ಕನ್ವೇಯರ್‌ನ ಸಣ್ಣ ಭಾಗ. ಇಲ್ಲಿನ ತೊಂದರೆ ಕೆಲಸ ಸಮನಾಗಿ ಹಂಚುವುದು. ಒಬ್ಬನಿಗೆ ನಾಲ್ಕು ನಿಮಿಷ, ಇನ್ನೊಬ್ಬನಿಗೆ ಹನ್ನೆರಡು ನಿಮಿಷ ಬಿದ್ದರೆ ನಡುವೆ ಪಂಪ್ ಗುಡ್ಡೆಯಾಗುತ್ತದೆ, ಜಗಳವೂ ಆಗುತ್ತದೆ. ಮತ್ತೆ ಮತ್ತೆ ಹಂಚಿ ನೋಡಬೇಕು. ಒಬ್ಬ ಊರಿಗೆ ಹೋದರೆ ಆ ಜಾಗಕ್ಕೆ ನಿಲ್ಲಲು ಇನ್ನೊಬ್ಬನಿಗೆ ಕೆಲಸ ಬರುವಂತಿರಬೇಕು. ಹಬ್ಬ, ಜಾತ್ರೆ, ಸುಗ್ಗಿ ಬಂದಾಗ ನಿಮ್ಮಲ್ಲಿ ಹಾಜರಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಇಬ್ಬರು ಮೂವರ ತಂಡ ಮಾಡಿ, ಯು ಆಕಾರದ ಬೆಂಚಿನಲ್ಲಿ ಇಡೀ ಪಂಪ್ ಕಟ್ಟಿಸುವುದು ಮೂರನೆಯ ದಾರಿ. ಸ್ವೀಡನ್ನಿನಲ್ಲಿ ವೋಲ್ವೊ ಕಂಪನಿ 1974ರಲ್ಲಿ ಕಾಲ್ಮಾರ್ ಎಂಬಲ್ಲಿ ಚೈನ್ ಲೈನ್ ಇಲ್ಲದ ಹೊಸ ಕಾರ್ಖಾನೆ ತೆರೆದು ತಂಡಗಳಿಂದ ಕಾರು ಕಟ್ಟಿಸಿತು. ಬೇಸರದಿಂದ ಜನ ಬಿಟ್ಟುಹೋಗುವುದಕ್ಕೆ ಅದು ಹುಡುಕಿದ ಪರಿಹಾರ. 1990ರ ದಶಕದಲ್ಲಿ ಆ ಕಾರ್ಖಾನೆ ಮುಚ್ಚಿತು. ಹಾಗಂತ ಪದ್ಧತಿಯೇ ಸೋತಿತು ಎನ್ನಲಾಗದು, ಆ ಬಗ್ಗೆ ತಜ್ಞರಲ್ಲಿ ಈಗಲೂ ವಾದ ಇದೆ. ಮೂರು ಮಾಡೆಲ್ ಇರುವ ಸಣ್ಣ ಯುನಿಟ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಂದು ತಂಡಕ್ಕೆ ಒಂದು ಮಾಡೆಲ್. ಇದರ ಅಪಾಯ ಏನೆಂದರೆ, ಪಳಗಿದ ಜನ ಬೇಕು, ಹೊಸಬರನ್ನು ತಯಾರು ಮಾಡಲು ತಿಂಗಳುಗಳೇ ಬೇಕು. ಒಬ್ಬ ಫಿಟ್ಟರ್ ಹೋದರೆ ಆ ತಂಡವೇ ಕುಂಟುತ್ತದೆ.

ಈ ಮೂರರಲ್ಲಿ ಯಾವುದಕ್ಕೆ ಕೈ ಹಾಕಿದರೂ ಮೊದಲು ಭಾಗಗಳು ಸರಿಯಾಗಬೇಕು. ಇದನ್ನು ನಾನು ಆಯ್ಕೆ ಅಂತ ಹೇಳುತ್ತಿಲ್ಲ. ಶಾಫ್ಟಿಗೆ ಸ್ನ್ಯಾಪ್ ಗೇಜ್, ಬೋರಿಗೆ ಪ್ಲಗ್ ಗೇಜ್ ಕೊಳ್ಳಿ. ವರ್ನಿಯರ್ ಹಿಡಿದು ಒಬ್ಬೊಬ್ಬರು ಒಂದೊಂದು ಅಳತೆ ಓದುವುದು ತಪ್ಪುತ್ತದೆ. ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು, ಅಷ್ಟೇ. ಮಾಲು ಬಂದ ದಿನವೇ ನೋಡಿ, ಕೂರದ್ದನ್ನು ವಾಪಸ್ ಕಳಿಸಿ. ಇದಕ್ಕೂ ಬೆಲೆ ಇದೆ. ಮೊದಲ ಒಂದೆರಡು ತಿಂಗಳು ನಿಮ್ಮ ಉತ್ಪಾದನೆ 45ಕ್ಕಿಂತ ಕೆಳಗಿಳಿಯಬಹುದು. ಜಾಬ್ ವರ್ಕ್‌ನವರು ರೇಟ್ ಏರಿಸುತ್ತಾರೆ, ಒಬ್ಬಿಬ್ಬರು ಕೈಬಿಡಲೂಬಹುದು. ನಿಮ್ಮ ಡ್ರಾಯಿಂಗ್‌ನಲ್ಲೇ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಇರಬಹುದು ಎಂಬುದು) ಬರೆದಿಲ್ಲದಿದ್ದರೆ ಅವರನ್ನು ಬೈದು ಉಪಯೋಗ ಇಲ್ಲ. ಅಲ್ಲಿಂದ ಶುರು ಮಾಡಿ.

ಒಂದೇ ಮಾಡೆಲ್ ಇಡುವ ಮಾತಿಗೆ ಒಂದು ಎಚ್ಚರಿಕೆ. ಮಾಡೆಲ್ ಟಿ ಬೆಲೆ 850 ಡಾಲರ್‌ನಿಂದ 1925ರ ಹೊತ್ತಿಗೆ, ಎರಡು ಸೀಟಿನ ಕಾರಿಗೆ, 260 ಡಾಲರ್‌ಗೆ ಇಳಿದದ್ದು ಒಂದೇ ಮಾಡೆಲ್ ಹಿಡಿದುಕೊಂಡದ್ದರಿಂದಲೇ. ಒಟ್ಟು ಒಂದೂವರೆ ಕೋಟಿ ಕಾರು ಮಾಡಿದರು. ಆದರೆ ಅಷ್ಟರಲ್ಲಿ ಜನರಿಗೆ ಬೇರೆ ಏನೋ ಬೇಕಾಗಿತ್ತು. ಜನರಲ್ ಮೋಟರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಬೇರೆ ಬೇರೆ ಜೇಬಿಗೆ ಬೇರೆ ಬೇರೆ ಕಾರು ಕೊಟ್ಟ, ಕಂತಿನ ಸಾಲವನ್ನೂ ಕೊಡಿಸಿದ. 1927ರ ಮೇ ತಿಂಗಳಲ್ಲಿ ಫೋರ್ಡ್ ಮಾಡೆಲ್ ಟಿ ನಿಲ್ಲಿಸಬೇಕಾಯಿತು. ಅದೊಂದೇ ಕಾರಿಗೆಂದು ಮಾಡಿಸಿದ ಸಾವಿರಾರು ಯಂತ್ರ ಹೊಸ ಮಾಡೆಲ್‌ಗೆ ಬರಲಿಲ್ಲ. ತಿಂಗಳುಗಟ್ಟಲೆ ಉತ್ಪಾದನೆ ನಿಂತಿತು. ಅದೇ ಫೋರ್ಡ್ ಕಂಪನಿಯನ್ನು ಬಿಟ್ಟುಹೋಗಿದ್ದ ವಿಲಿಯಂ ನುಡ್ಸೆನ್ ಜನರಲ್ ಮೋಟರ್ಸ್‌ನ ಶೆವ್ರೊಲೆಯಲ್ಲಿ ಬೇರೆ ಕೆಲಸಕ್ಕೂ ಹೊಂದಿಸಬಹುದಾದ ಯಂತ್ರಗಳನ್ನು ಇಟ್ಟಿದ್ದ. ನಾಲ್ಕು ಸಿಲಿಂಡರ್‌ನಿಂದ ಆರಕ್ಕೆ ಆತ ಕೆಲವೇ ವಾರಗಳಲ್ಲಿ ಬದಲಾಯಿಸಿದ.

ನನ್ನ ಕಣ್ಣಿಗೆ ನಿಮ್ಮ ಯುನಿಟ್ 1914ರ ಫೋರ್ಡ್‌ಗಿಂತ 1950ರ ಟೊಯೊಟಾಗೆ ಹತ್ತಿರ. ಆ ವರ್ಷ ಐಜಿ ಟೊಯೊಡಾ ಅಮೆರಿಕಕ್ಕೆ ಹೋಗಿ ಫೋರ್ಡ್‌ನ ರೂಜ್ ಕಾರ್ಖಾನೆ ನೋಡಿ ಬಂದರು. ಆಗ ಟೊಯೊಟಾ ವರ್ಷಕ್ಕೆ ಮಾಡುತ್ತಿದ್ದದ್ದು ಸುಮಾರು 12 ಸಾವಿರ ವಾಹನ ಮಾತ್ರ, ಅದೂ ಬಗೆಬಗೆಯವು. ಫೋರ್ಡ್‌ನ ಹಾಗೆ ಯಂತ್ರ ಕೊಳ್ಳಲು ದುಡ್ಡೂ ಇರಲಿಲ್ಲ. ತೈಚಿ ಓನೊ ಮತ್ತು ಅವರ ಜನ ಬೇರೆ ದಾರಿ ಹುಡುಕಿದರು. ತಗಡಿಗೆ ಆಕಾರ ಕೊಡುವ ಅಚ್ಚು (ಡೈ) ಬದಲಿಸುವ ಸಮಯ ಇಳಿಸಿದರು, ಒಬ್ಬನಿಗೆ ಹಲವು ಕೆಲಸ ಕಲಿಸಿದರು, ತಪ್ಪು ಕಂಡವನು ಲೈನ್ ನಿಲ್ಲಿಸಬಹುದು ಅಂದರು. ಅದೇ ಕಂಪನಿಯ ಕಾರ್ಖಾನೆ 1999ರಿಂದ ನಮ್ಮ ಬಿಡದಿಯಲ್ಲಿದೆ. ಭೇಟಿಗೆ ಅವಕಾಶ ಸಿಕ್ಕರೆ ಮಗನನ್ನು ಕರೆದುಕೊಂಡು ಹೋಗಿ. ಕನ್ವೇಯರ್ ನೋಡುವುದಕ್ಕಿಂತ ಅದು ಯಾವಾಗ, ಯಾಕೆ ನಿಲ್ಲುತ್ತದೆ ಅಂತ ನೋಡಲು ಹೇಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲ ಆರು ತಿಂಗಳು ಗೇಜ್, ಡ್ರಾಯಿಂಗ್, ಫಿಕ್ಸ್‌ಚರ್‌ಗೆ ಮಾತ್ರ ದುಡ್ಡು ಹಾಕುತ್ತಿದ್ದೆ. ಆ ಇಬ್ಬರು ಹಳೆಯ ಫಿಟ್ಟರ್‌ಗಳನ್ನು ಇವತ್ತೇ ಕರೆದು ಮಾತಾಡುತ್ತಿದ್ದೆ. ಯಾವ ವೆಂಡರ್‌ನ ಯಾವ ಭಾಗ ಎಲ್ಲಿ ಕೈಕೊಡುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಮಾಲು ಬಂದಾಗ ನೋಡುವ ಕೆಲಸ, ಫಿಕ್ಸ್‌ಚರ್ ಮಾಡಿಸುವ ಕೆಲಸ ಅವರದಾಗಲಿ, ಸಂಬಳವೂ ಅದಕ್ಕೆ ತಕ್ಕಂತೆ ಏರಲಿ. ಏರುವುದು ಇಬ್ಬರ ಸಂಬಳ, 24 ಜನರದ್ದಲ್ಲ. ಆಮೇಲೆ ಹೆಚ್ಚು ಮಾರಾಟ ಆಗುವ ಒಂದೇ ಮಾಡೆಲ್‌ಗೆ ರೋಲರ್ ಮೇಜು. ಉಳಿದೆರಡು ಬೆಂಚಿನಲ್ಲೇ ಇರಲಿ. ಮಗನಿಗೂ ಕೆಲಸ ಇದೆ. ಆ ಗೀಟು ಹಾಕಿದ ಚೀಟಿಗಳ ಲೆಕ್ಕ ಮಾಡಿ, ವೆಂಡರ್‌ಗಳ ಜೊತೆ ಕೂತು ಮಾತಾಡುವುದು. ಎಂಬಿಎ ಓದಿದವರು ಅದನ್ನು ನಿಮಗಿಂತ ಚೆನ್ನಾಗಿ ಮಾಡಬಹುದು.

ಬಣ್ಣದ ಪ್ರಶ್ನೆ ಉಳಿಯಿತು. ಮಾಡೆಲ್ ಟಿ ಯಾವಾಗಲೂ ಕಪ್ಪು ಇತ್ತು ಅನ್ನುವುದು ತಪ್ಪು. ಶುರುವಿನಲ್ಲಿ ಬೂದು, ಹಸಿರು, ಕೆಂಪು, ನೀಲಿ ಎಲ್ಲ ಇದ್ದವು. 1914ರಿಂದ 1925ರವರೆಗೆ ಮಾತ್ರ ಬರೀ ಕಪ್ಪು. ಆ ಪೇಂಟ್ ಅಗ್ಗ, ಬಾಳಿಕೆ ಜಾಸ್ತಿ, ಒಂದೇ ಬಣ್ಣವಾದರೆ ಕೆಲಸ ಸಲೀಸು. ಮಾರಾಟ ಕುಗ್ಗಿದಾಗ ಅವರೇ ಮತ್ತೆ ಬಣ್ಣ ತಂದರು. ನಿಮ್ಮಲ್ಲಿ ತಡವಾಗುತ್ತಿರುವುದು ಪೇಂಟಿಂಗ್‌ನಲ್ಲಿ ಅಂತ ನೀವು ಎಲ್ಲೂ ಬರೆದಿಲ್ಲ. ಡೀಲರ್‌ಗಳು ನೀಲಿ, ಹಸಿರು ಎರಡೂ ಕೇಳುತ್ತಿದ್ದರೆ ಎರಡನ್ನೂ ಹೊಡೆಸಿ.